ಕೊಡಗಿನ ಮಳೆಗಾಲಕ್ಕೆ ನಾಬ್ ಇರುವ ಓವನ್ನೇ ಸರಿ

ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ಕೊಳ್ಳುವವರು ಟಚ್ ಪ್ಯಾನೆಲ್ ಬಿಟ್ಟು ಮೂರು ನಾಬ್‌ನದ್ದು ನೋಡಿ: ಉಷ್ಣಾಂಶ, ಮೇಲಿನ-ಕೆಳಗಿನ ಕಾಯಿಲ್, ಟೈಮರ್. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕರೆಂಟ್ ಹೋಗಿ ಬಂದರೆ ಡಿಜಿಟಲ್‌ನಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ ಅಳಿಸಿಹೋಗುತ್ತದೆ. ನಾಬ್ ಇಟ್ಟಲ್ಲೇ ಇರುತ್ತದೆ. ಆದರೆ ಸ್ಪ್ರಿಂಗ್ ಟೈಮರ್ ಕರೆಂಟ್ ಇಲ್ಲದಾಗಲೂ ಟಿಕ್ ಟಿಕ್ ಎಂದು ಓಡುತ್ತಲೇ ಇರುತ್ತದೆ, ಹೋದಷ್ಟು ನಿಮಿಷ ಸೇರಿಸಿಕೊಳ್ಳಿ. 5 ನಿಮಿಷಕ್ಕೆ ಇಡುವಾಗ ಮೊದಲು 20ರ ತನಕ ತಿರುಗಿಸಿ ಹಿಂದಕ್ಕೆ ತನ್ನಿ, ಇಲ್ಲದಿದ್ದರೆ ಸ್ಪ್ರಿಂಗ್ ಬಿಗಿಯಾಗದೆ ಬೇಗ ನಿಲ್ಲುತ್ತದೆ.

ನಾಬ್ ತೋರಿಸುವ 180 ಡಿಗ್ರಿಯನ್ನು ಪೂರ್ತಿ ನಂಬಬೇಡಿ, 10-20 ಡಿಗ್ರಿ ಆಚೀಚೆ ಆಗುವುದು ಮಾಮೂಲು. ಓವನ್ ಥರ್ಮಾಮೀಟರನ್ನು ಒಳಗೆ ಕಂಬಿಯ ಮೇಲಿಟ್ಟು ಒಮ್ಮೆ ಪರೀಕ್ಷಿಸಿ. 1500 ವ್ಯಾಟ್‌ನದಾದರೆ 16 ಆಂಪ್ ಪ್ಲಗ್ಗೇ ಬೇಕು. ಮನೆಯ ಇನ್ವರ್ಟರ್‌ಗೆ ಹಾಕಲೇಬೇಡಿ.