ಬಣ್ಣ ಬದಲಾದದ್ದೆಲ್ಲ ನ್ಯಾನೋ ಅಲ್ಲ: ಸೀಬೆ ಎಲೆ, ತಾಮ್ರ ಮತ್ತು ನನ್ನ ಅನುಭವ

ಮೈಲುತುತ್ತದ (ಕಾಪರ್ ಸಲ್ಫೇಟ್) ನೀಲಿ ದ್ರಾವಣ ಬಿಸಿ ಮಾಡಿ, ಅದಕ್ಕೆ ಸೀಬೆ ಎಲೆಯ ಕಷಾಯ ಬಿಟ್ಟೆ. ಹಸಿರಾಯಿತು. ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದೆ, ನೋಡನೋಡುತ್ತಲೇ ಕಡು ಕಂದು ಬಣ್ಣಕ್ಕೆ ತಿರುಗಿತು. ಎಲೆರಸದಿಂದ ತಾಮ್ರದ ಆಕ್ಸೈಡ್ ನ್ಯಾನೋ ಕಣ (ನೂರು ನ್ಯಾನೋಮೀಟರ್‌ಗಿಂತ ಸಣ್ಣ ಕಣ) ಮಾಡುವ ಬಗ್ಗೆ ಓದಿದ ಲೇಖನಗಳಲ್ಲೆಲ್ಲ ಹೀಗೇ ಬರೆದಿತ್ತು. ಬಣ್ಣ ಬದಲಾಯಿತು, ಅಂದರೆ ನ್ಯಾನೋ ಕಣ ಆಯಿತು. ನಾನೂ ನೋಟ್‌ಬುಕ್‌ನಲ್ಲಿ ಹಾಗೇ ಬರೆದೆ.

ಗೈಡ್ ಅದನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ತಾಮ್ರ ಹಾಕದೆ ಮಾಡಿ ನೋಡಿದ್ಯಾ?"

"ಇಲ್ಲ ಮೇಡಂ."

ಮರುದಿನ ಮೂರು ಬೀಕರ್ ಇಟ್ಟೆ. ಒಂದರಲ್ಲಿ ಎಲೆ ಕಷಾಯ ಮತ್ತು ಕ್ಷಾರ, ತಾಮ್ರ ಇಲ್ಲ. ಇನ್ನೊಂದರಲ್ಲಿ ತಾಮ್ರ ಮತ್ತು ಕ್ಷಾರ, ಎಲೆ ಇಲ್ಲ. ಮೂರನೆಯದರಲ್ಲಿ ಮೂರೂ. ಮೊದಲ ಬೀಕರ್ ಹತ್ತೇ ನಿಮಿಷದಲ್ಲಿ ಕಡು ಕಂದಾಯಿತು. ಎಲೆಯಲ್ಲಿರುವ ಪಾಲಿಫಿನಾಲ್‌ಗಳು (ಒಗರು ಕೊಡುವ ವಸ್ತುಗಳು) ಕ್ಷಾರದಲ್ಲಿ ಗಾಳಿ ತಾಗಿದರೆ ತಾವೇ ಕಪ್ಪಾಗುತ್ತವೆ, ಅದಕ್ಕೆ ತಾಮ್ರ ಬೇಕೇ ಇಲ್ಲ. ಎರಡನೆಯದರಲ್ಲಿ ಮೊದಲು ತಿಳಿನೀಲಿ ಮೊಸರಿನಂಥ ತಾಮ್ರದ ಹೈಡ್ರಾಕ್ಸೈಡ್ ಬಂತು, ಬಿಸಿ ಏರಿದ ಹಾಗೆ ಅದೂ ಕಪ್ಪಾಯಿತು, ಅದು ಕ್ಯುಪ್ರಿಕ್ ಆಕ್ಸೈಡ್ (CuO). ಅಂದರೆ ಎಲೆ ಇಲ್ಲದಿದ್ದರೂ ಕಪ್ಪು, ತಾಮ್ರ ಇಲ್ಲದಿದ್ದರೂ ಕಪ್ಪು. ಇನ್ನು ಬರೀ ಬಣ್ಣ ನೋಡಿ ಏನು ಹೇಳೋದು?

ಇನ್ನೊಂದು ವಿಷಯವೂ ಆಗಲೇ ತಲೆಗೆ ಹೊಳೆದದ್ದು. "ಎಲೆಯ ರಸ ತಾಮ್ರವನ್ನು ಅಪಕರ್ಷಿಸಿ ಕ್ಯುಪ್ರಿಕ್ ಆಕ್ಸೈಡ್ ಮಾಡಿತು" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಮೈಲುತುತ್ತದಲ್ಲಿ ತಾಮ್ರದ ಉತ್ಕರ್ಷಣ ಸ್ಥಿತಿ +2, ಕ್ಯುಪ್ರಿಕ್ ಆಕ್ಸೈಡ್‌ನಲ್ಲೂ +2. ಅಪಕರ್ಷಣೆ ಅಂದರೆ ಎಲೆಕ್ಟ್ರಾನ್ ಸೇರಿ ಈ ಅಂಕಿ ಇಳಿಯಬೇಕು, ಅಲ್ಲಿ ಅದು ಆಗೋದೇ ಇಲ್ಲ. ಎಲೆರಸ ಬೆಳ್ಳಿಯ ಅಯಾನನ್ನು ಲೋಹ ಮಾಡುವ ಕತೆಯನ್ನು ತಂದು ತಾಮ್ರಕ್ಕೆ ಅಂಟಿಸಿದರೆ ಹೀಗಾಗುತ್ತದೆ. ಬೆಳ್ಳಿ ಅಯಾನಿನ ಪ್ರಮಾಣಿತ ವಿಭವ (ಲೋಹವಾಗುವ ಒಲವಿನ ಅಳತೆ) +0.80 ವೋಲ್ಟ್, ಅದು ಸುಲಭವಾಗಿ ಲೋಹವಾಗುತ್ತದೆ. ತಾಮ್ರದ್ದು +0.34 ಮಾತ್ರ. ಕಷ್ಟಪಟ್ಟು ಲೋಹ ಮಾಡಿದರೂ ಅಷ್ಟು ಸಣ್ಣ ಕಣ ಗಾಳಿಗೆ ಬೇಗ ಆಕ್ಸೈಡ್ ಆಗಿಬಿಡುತ್ತದೆ.

ಹಾಗಾದರೆ ಎಲೆ ಮಾಡುವ ಕೆಲಸ ಏನು? ನನಗೆ ಕಂಡದ್ದು ಎರಡು. ಕಣ ಹುಟ್ಟುವಾಗ ಅದರ ಮೈಗೆ ಅಂಟಿಕೊಂಡು ಜಾಸ್ತಿ ಬೆಳೆಯದ ಹಾಗೆ, ಒಂದಕ್ಕೊಂದು ಹತ್ತಿಕೊಳ್ಳದ ಹಾಗೆ ತಡೆಯುತ್ತದೆ. ಎಲೆ ಇಲ್ಲದ ಬೀಕರಿನ ಕಪ್ಪು ಪುಡಿ ಐದು ನಿಮಿಷದಲ್ಲಿ ತಳ ಸೇರಿತ್ತು, ಎಲೆ ಇದ್ದದ್ದು ಸಂಜೆವರೆಗೂ ತೇಲುತ್ತಿತ್ತು. ಎರಡನೆಯದು ಎಲೆಯಲ್ಲಿರುವ ಸಕ್ಕರೆ. ಶಾಲೆಯಲ್ಲಿ ಮಾಡಿದ ಬೆನೆಡಿಕ್ಟ್ ಪರೀಕ್ಷೆ ನೆನಪಿದೆ ಅಲ್ವಾ, ಗ್ಲೂಕೋಸ್‌ನಂಥ ಸಕ್ಕರೆ ಇದ್ದರೆ ಇಟ್ಟಿಗೆ ಕೆಂಪು ಬರುತ್ತದೆ. ಆ ಕೆಂಪು ಕ್ಯುಪ್ರಸ್ ಆಕ್ಸೈಡ್ (Cu₂O), ಇದರಲ್ಲಿ ತಾಮ್ರ +1ಕ್ಕೆ ಇಳಿದಿರುತ್ತದೆ. ಇಲ್ಲೂ ಅದೇ ನಡೆಯಬಹುದು.

ಕೊನೆಗೆ ನನಗೆ ಒಗ್ಗಿದ ವಿಧಾನ ಹೀಗಿದೆ. 10 ಗ್ರಾಂ ಹಸಿ ಎಲೆಯನ್ನು ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, 100 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ 80 ಡಿಗ್ರಿಯಲ್ಲಿ 20 ನಿಮಿಷ ಇಡುತ್ತೇನೆ. ಕುದಿಸುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್ ಪೇಪರ್‌ನಲ್ಲಿ ಇನ್ನೊಮ್ಮೆ ಸೋಸುತ್ತೇನೆ. ಕಷಾಯವನ್ನು ಅವತ್ತೇ ಬಳಸುತ್ತೇನೆ. ಮೂರು ದಿನ ಫ್ರಿಜ್‌ನಲ್ಲಿಟ್ಟದ್ದನ್ನು ಬಳಸಿದಾಗ ಪ್ರತಿ ಸಲ ಬೇರೆ ಬೇರೆ ಫಲಿತಾಂಶ ಬಂದಿದೆ. 1.25 ಗ್ರಾಂ ಮೈಲುತುತ್ತವನ್ನು 50 ಮಿಲಿ ನೀರಲ್ಲಿ ಕರಗಿಸಿದರೆ 0.1 ಮೋಲಾರ್ ಆಗುತ್ತದೆ. ಅದನ್ನು 70 ಡಿಗ್ರಿಗೆ ತಂದು, ಸ್ಟಿರರ್ ತಿರುಗುತ್ತಿರುವಾಗಲೇ 20 ಮಿಲಿ ಕಷಾಯ ಹನಿ ಹನಿಯಾಗಿ ಬಿಡಬೇಕು. ಆಮೇಲೆ 1 ಮೋಲಾರ್ ಕ್ಷಾರ ಹಾಕುತ್ತಾ ಪಿಎಚ್ 10ಕ್ಕೆ ತಂದು ನಿಲ್ಲಿಸಿ, ಎರಡು ಗಂಟೆ ಹಾಗೇ ತಿರುಗಲು ಬಿಡುವುದು.

ಪಿಎಚ್ ಬಗ್ಗೆ ಅಸಡ್ಡೆ ಬೇಡ. ಎಲೆ ಒಂದೇ, ತಾಮ್ರ ಒಂದೇ, ಪಿಎಚ್ 7ರಲ್ಲಿ ನನಗೆ ಸಿಕ್ಕಿದ್ದು ಬರೀ ಅಂಟು ಅಂಟಾದ ಕಂದು ರಾಡಿ, ತಾಮ್ರ ಮತ್ತು ಪಾಲಿಫಿನಾಲ್ ಸೇರಿದ ಸಂಕೀರ್ಣ. ಕ್ಷಾರ ಏರಿದ ಮೇಲೆಯೇ ಸರಿಯಾದ ಪುಡಿ ಬಂತು.

ಸೆಂಟ್ರಿಫ್ಯೂಜ್‌ನಲ್ಲಿ ಗಿರ್ರನೆ ತಿರುಗಿಸಿ ಪುಡಿ ಬೇರ್ಪಡಿಸಿ, ತೊಳೆದು, 80 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಎಕ್ಸ್‌ಆರ್‌ಡಿಗೆ (ಎಕ್ಸ್‌ರೇಯಿಂದ ಸ್ಫಟಿಕ ಯಾವುದೆಂದು ಗುರುತಿಸುವ ಪರೀಕ್ಷೆ) ಕೊಟ್ಟೆ. 36.4 ಡಿಗ್ರಿಯಲ್ಲಿ ಎತ್ತರದ ಪೀಕ್, 42.3ರಲ್ಲಿ ಇನ್ನೊಂದು. ಕ್ಯುಪ್ರಸ್ ಆಕ್ಸೈಡ್! ಸಕ್ಕರೆ ತನ್ನ ಕೆಲಸ ಮಾಡಿದ್ದಿರಬೇಕು. ಅದೇ ಪುಡಿಯನ್ನು ಗಾಳಿಯಲ್ಲಿ 400 ಡಿಗ್ರಿಗೆ ಎರಡು ಗಂಟೆ ಸುಟ್ಟಾಗ ಆ ಪೀಕ್‌ಗಳು ಹೋಗಿ 35.5 ಮತ್ತು 38.7ರಲ್ಲಿ ಬಂದವು, ಪೂರ್ತಿ ಕ್ಯುಪ್ರಿಕ್ ಆಕ್ಸೈಡ್. ಒಂದೇ ಬೀಕರಿನ ಮಾಲು, ಸುಡುವ ಮೊದಲು ಒಂದು ವಸ್ತು, ಸುಟ್ಟ ಮೇಲೆ ಇನ್ನೊಂದು. 35.5ರ ಪೀಕ್ ಅಗಲ 0.45 ಡಿಗ್ರಿ ಇತ್ತು, ಪೀಕ್ ಅಗಲದಿಂದ ಗಾತ್ರ ಹೇಳುವ ಶೆರರ್ ಸೂತ್ರಕ್ಕೆ ಹಾಕಿದರೆ ಸುಮಾರು 18 ನ್ಯಾನೋಮೀಟರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ 200 ನ್ಯಾನೋಮೀಟರ್ ಗಾತ್ರದ ಮುದ್ದೆಗಳು. ಎರಡೂ ಸರಿಯೇ. ಶೆರರ್ ಹೇಳುವುದು ಒಳಗಿನ ಸ್ಫಟಿಕದ ಗಾತ್ರ, ಮುದ್ದೆಯ ಗಾತ್ರ ಅಲ್ಲ. 18 ಅಂತ ಬರೆಯುವವರು 200ರ ಮಾತನ್ನೂ ಬರೆಯಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇನ್ನು ಈ ಪುಡಿ ವೇಗವರ್ಧಕವಾಗಿ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ) ಮಾಡುವ ಕೆಲಸ. ಎಲ್ಲರೂ ಮಾಡುವ 4-ನೈಟ್ರೋಫಿನಾಲ್ ಪ್ರಯೋಗವನ್ನೇ (ಅದನ್ನು 4-ಅಮಿನೋಫಿನಾಲ್ ಮಾಡುವುದು) ಆರಿಸಿಕೊಂಡೆ, ಯಾಕೆಂದರೆ ಕಣ್ಣಿಗೇ ಕಾಣುತ್ತದೆ. ಸೋಡಿಯಂ ಬೋರೋಹೈಡ್ರೈಡ್ ಹಾಕಿದ ಕೂಡಲೇ ಅದು ಬೆಳಕು ಹೀರುವ ಪೀಕ್ 317 ನ್ಯಾನೋಮೀಟರ್‌ನಿಂದ 400ಕ್ಕೆ ಸರಿದು ದ್ರಾವಣ ಗಾಢ ಹಳದಿ ಆಗುತ್ತದೆ. ವೇಗವರ್ಧಕ ಇಲ್ಲದೆ ಗಂಟೆಗಟ್ಟಲೆ ಬಿಟ್ಟರೂ ಆ ಹಳದಿ ಹೋಗಲ್ಲ. ಇದ್ದರೆ 400 ಇಳಿಯುತ್ತಾ 300ರ ಹತ್ತಿರ 4-ಅಮಿನೋಫಿನಾಲ್‌ನ ಪೀಕ್ ಏಳುತ್ತದೆ. 0.1 ಮಿಲಿಮೋಲಾರ್ ನೈಟ್ರೋಫಿನಾಲ್‌ಗೆ ನೂರು ಪಟ್ಟು ಬೋರೋಹೈಡ್ರೈಡ್ ಇಟ್ಟರೆ ಲೆಕ್ಕ ಸುಲಭ, 400ರ ರೀಡಿಂಗ್‌ನ ಲಾಗ್ ತೆಗೆದು ಸಮಯದ ಎದುರು ಹಾಕಿದರೆ ನೇರ ಗೆರೆ ಬರುತ್ತದೆ.

ನನ್ನ ಗೆರೆ ನೇರ ಬರಲಿಲ್ಲ. ಅಲ್ಲಲ್ಲಿ ಮುಳ್ಳಿನ ಹಾಗೆ ಮೇಲೆ ನೆಗೆಯುತ್ತಿತ್ತು. ಉಪಕರಣ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಅದರ ಜೊತೆ ಗುದ್ದಾಡಿದೆ. ಆಮೇಲೆ ಕ್ಯೂವೆಟ್ (ದ್ರಾವಣ ತುಂಬಿ ಬೆಳಕು ಹಾಯಿಸುವ ಪುಟ್ಟ ಪಾತ್ರೆ) ತೆಗೆದು ಬೆಳಕಿಗೆ ಹಿಡಿದೆ. ಒಳಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಅಂಟಿಕೊಂಡಿದ್ದವು. ಬೋರೋಹೈಡ್ರೈಡ್ ನೀರಿನ ಜೊತೆ ಸೇರಿ ಬಿಡುವ ಹೈಡ್ರೋಜನ್. ಬೆಳಕಿನ ದಾರಿಗೆ ಒಂದು ಗುಳ್ಳೆ ಬಂದರೂ ಸಾಕು, ರೀಡಿಂಗ್ ಏರಿಬಿಡುತ್ತದೆ. ಅಂದಿನಿಂದ ಬೋರೋಹೈಡ್ರೈಡನ್ನು ಐಸ್ ಹಾಕಿ ತಣ್ಣಗಾಗಿಸಿದ ನೀರಲ್ಲಿ ಆಗಿಂದಾಗಲೇ ಕರಗಿಸುತ್ತೇನೆ, ರೀಡಿಂಗ್‌ಗೆ ಮುಂಚೆ ಕ್ಯೂವೆಟ್‌ಗೆ ಬೆರಳಿಂದ ಮೆತ್ತಗೆ ಒಂದೆರಡು ಸಲ ತಟ್ಟುತ್ತೇನೆ.

ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ತೊಳೆದ ನೀರು. ಸೆಂಟ್ರಿಫ್ಯೂಜ್‌ನಲ್ಲಿ ಮೇಲೆ ನಿಂತ ನೀರನ್ನು ಸುಮ್ನೆ ಕುತೂಹಲಕ್ಕೆ ಬೋರೋಹೈಡ್ರೈಡ್ ಬೆರೆಸಿದ ನೈಟ್ರೋಫಿನಾಲ್‌ಗೆ ಹಾಕಿದೆ. ಹಳದಿ ಮಾಯ! ಪುಡಿಯೇ ಇಲ್ಲ, ಆದರೂ ಕ್ರಿಯೆ ನಡೆಯಿತು. ಎಲೆರಸದ ಜೊತೆ ಕಟ್ಟಿಕೊಂಡು ಕರಗಿಯೇ ಉಳಿದ ತಾಮ್ರ ಅದರಲ್ಲಿತ್ತು. ಬೋರೋಹೈಡ್ರೈಡ್ ಸಿಕ್ಕಿದರೆ ಅದು ಅಲ್ಲೇ, ಕ್ಯೂವೆಟ್ ಒಳಗೇ ತಾಮ್ರದ ಕಣ ಆಗಿಬಿಡುತ್ತದೆ. ಹಾಗಾದರೆ ಅಲ್ಲಿಯವರೆಗೆ ನಾನು ಅಳೆದದ್ದು ಪುಡಿಯ ಕೆಲಸವೋ, ಉಳಿಕೆ ತಾಮ್ರದ ಕೆಲಸವೋ? ಹಳೇ ರೀಡಿಂಗ್‌ಗಳನ್ನೆಲ್ಲ ಬಿಟ್ಟು ಮತ್ತೆ ಮೊದಲಿಂದ ಶುರು ಮಾಡಿದೆ. ಮೂರು ಸಲ ತೊಳೆಯುತ್ತಿದ್ದದ್ದು ಆರಾಯಿತು, ಮತ್ತು ಕೊನೆಯ ತೊಳೆದ ನೀರು ಹಳದಿಯನ್ನು ಮುಟ್ಟದಿದ್ದರೆ ಮಾತ್ರ ಆ ಪುಡಿಯನ್ನು ಬಳಸುತ್ತೇನೆ. ವೇಗ ಮೊದಲಿಗಿಂತ ಕಡಿಮೆ ಬಂತು. ಬರಲಿ, ಅದು ನಿಜವಾದ ವೇಗ.

ಐದು ಸಲ ಬಳಸಿದ ಪುಡಿಯನ್ನು ಮತ್ತೆ ಎಕ್ಸ್‌ಆರ್‌ಡಿಗೆ ಕೊಟ್ಟಾಗ 43.3 ಡಿಗ್ರಿಯಲ್ಲಿ ಹೊಸ ಪೀಕ್ ಇತ್ತು, ಲೋಹದ ತಾಮ್ರ. ಬೋರೋಹೈಡ್ರೈಡ್ ಆಕ್ಸೈಡನ್ನೂ ಬಿಡುವುದಿಲ್ಲ. ಆದ್ದರಿಂದ ಕೆಲಸ ಮಾಡಿದ್ದು ಕ್ಯುಪ್ರಿಕ್ ಆಕ್ಸೈಡ್ ಅಂತ ನಾನು ಬರೆಯಲಿಲ್ಲ. ಹಾಕಿದ್ದು ಅದು, ಒಳಗೆ ಆದದ್ದು ಬೇರೆ.

ನೀರು ಜಾರಿಸುವ ಮೇಲ್ಮೈ ಮಾಡುವ ಕೆಲಸಕ್ಕೆ ಬಂದಾಗ ಇದೇ ಪುಡಿಯನ್ನು ಎಥನಾಲ್‌ನಲ್ಲಿ ಕಲಸಿ ತಾಮ್ರದ ತಗಡಿಗೆ ಬಳಿದೆ. ಒಣಗಿದ ಮೇಲೆ ಬೆರಳಿಂದ ಒರೆಸಿದರೆ ಪೂರ್ತಿ ಬೆರಳಿಗೇ ಬಂತು. ಮೇಲಿಂದ ಬಳಿದದ್ದು ನಿಲ್ಲಲ್ಲ, ತಗಡಿನಿಂದಲೇ ಬೆಳೆಸಬೇಕು. ತಗಡನ್ನು ಉಜ್ಜಿ, ತೆಳು ಆಮ್ಲದಲ್ಲಿ ಕಿಲುಬು ತೆಗೆದು, 2.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 0.1 ಮೋಲಾರ್ ಅಮೋನಿಯಂ ಪರ್‌ಸಲ್ಫೇಟ್ ಇದ್ದ ದ್ರಾವಣದಲ್ಲಿ ಮುಳುಗಿಸಿದೆ. ಕೆಲವೇ ನಿಮಿಷದಲ್ಲಿ ತಗಡಿನ ಮೇಲೆ ನೀಲಿ ಮಖಮಲ್ಲಿನಂಥ ಪದರ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸೂಜಿಗಳ ಕಾಡು, ಎಲ್ಲ ತಾಮ್ರದ ಹೈಡ್ರಾಕ್ಸೈಡ್. ಓವನ್‌ನಲ್ಲಿ 180 ಡಿಗ್ರಿಗೆ ಇಟ್ಟರೆ ಕಪ್ಪಾಯಿತು. ಆಮೇಲೆ ಸ್ಟಿಯರಿಕ್ ಆಮ್ಲ (ಮೇಣದಂಥ ಕೊಬ್ಬಿನ ಆಮ್ಲ) ಕರಗಿಸಿದ ಎಥನಾಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಇಲ್ಲಿ ಎಲೆ ಇಲ್ಲ, ನಿಜ. ಪರ್‌ಸಲ್ಫೇಟನ್ನು ಹಸಿರು, ಅಂದರೆ ಪರಿಸರಸ್ನೇಹಿ, ಅಂತ ಕರೆಯಲೂ ಆಗಲ್ಲ. ಆದರೆ ನೀರು ಜಾರಿಸಲು ಸಾಮಾನ್ಯವಾಗಿ ಬಳಸುವ ಫ್ಲೋರಿನ್ ರಾಸಾಯನಿಕಗಳು ಬೇಕಾಗಲಿಲ್ಲ, ಅಷ್ಟನ್ನು ಮಾತ್ರ ಹೇಳುತ್ತೇನೆ.

ಬೆಳಿಗ್ಗೆ ಒಂದು ಹನಿ ಹಾಕಿದೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲುತ್ತದಲ್ಲ, ಹಾಗೇ ಮುತ್ತಿನಂತೆ ನಿಂತಿತು, ತಗಡು ಸ್ವಲ್ಪ ಓರೆಯಾದರೆ ಸಾಕು, ಹಿಂದೆ ಒದ್ದೆ ಗುರುತೂ ಬಿಡದೆ ಉರುಳಿ ಹೋಯಿತು. ಪಕ್ಕದಿಂದ ಫೋಟೋ ತೆಗೆದು ಹನಿಯ ಅಂಚು ತಗಡಿನ ಜೊತೆ ಮಾಡುವ ಕೋನ ಅಳೆದರೆ 150 ಡಿಗ್ರಿ ದಾಟಿತ್ತು.

ಆ ತಗಡು ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಒಂದು ಮೂಲೆಯಲ್ಲಿ ಗ್ಲೌಸ್ ಇಲ್ಲದೆ ಒತ್ತಿ ಹಿಡಿದಿದ್ದೆ, ಅಲ್ಲಿ ಸೂಜಿಗಳು ಮಲಗಿವೆ. ಇವತ್ತಿಗೂ ಆ ಹೆಬ್ಬೆರಳ ಗುರುತಿನಷ್ಟು ಜಾಗದಲ್ಲಿ ಮಾತ್ರ ನೀರು ಹರಡಿಕೊಳ್ಳುತ್ತದೆ. ಉಜ್ಜಿದರೂ ಉಳಿಯುವಂತೆ ಮಾಡುವುದು ಹೇಗೆ ಅನ್ನೋದೇ ಈಗಿನ ಕೆಲಸ. ಸದ್ಯ ಸೂಜಿಗಳನ್ನು ಗಿಡ್ಡವಾಗಿ ಬೆಳೆಸಿ ನೋಡುತ್ತಿದ್ದೇನೆ, ಮುಳುಗಿಸುವ ಹೊತ್ತನ್ನು ಅರ್ಧ ಅರ್ಧ ನಿಮಿಷ ಕಡಿಮೆ ಮಾಡುತ್ತಾ.