ಯೂರಿಯಾ ಮೂಟೆ ಮೇಲಿನ 46 ಎಲ್ಲಿಂದ ಬಂತು? ಮೋಲ್ ಲೆಕ್ಕ ಹಾಕಿ ನೋಡೋಣ

ಫಸ್ಟ್ ಪಿಯುಸಿಲಿ ಮೋಲ್ ಬಂದ ತಕ್ಷಣ ಸುಮಾರು ಮಕ್ಕಳು ಫಾರ್ಮುಲಾ ಬಾಯಿಪಾಠಕ್ಕೆ ಇಳೀತಾರೆ, ದಯವಿಟ್ಟು ಬೇಡ, ಇದು ಬರೀ ಎಣಿಕೆ ಅಷ್ಟೇ. ಡಜನ್ ಅಂದ್ರೆ 12, ಮೋಲ್ ಅಂದ್ರೆ 6.022 × 10²³. ಪರಮಾಣುನ ಕೈಲಿ ಎಣಿಸಕ್ಕಾಗಲ್ಲ, ಅದಕ್ಕೆ ತೂಕ ಹಾಕಿ ಎಣಿಸ್ತೀವಿ.

ಹೊಲ ಇರೋರ ಮನೇಲಿ ಯೂರಿಯಾ ಇದ್ದೇ ಇರತ್ತೆ, ಅದನ್ನೇ ತಗೊಳ್ಳಿ, 15 ಗ್ರಾಂ. ಒಂದು ಯೂರಿಯಾ ಅಣುಲಿ ಕಾರ್ಬನ್ 1, ಆಕ್ಸಿಜನ್ 1, ನೈಟ್ರೋಜನ್ 2, ಹೈಡ್ರೋಜನ್ 4. ಇಲ್ಲೇ ಸ್ವಲ್ಪ ನಿಲ್ಲಿ. ಯೂರಿಯಾ ಫಾರ್ಮುಲಾ CO(NH₂)₂, ಇದ್ರಲ್ಲಿ ಎನ್‌ಎಚ್2 ಬ್ರಾಕೆಟ್ ಒಳಗಿದೆ, ಹೊರಗೆ ಇನ್ನೊಂದು 2 ಇದೆ, ಆ ಹೊರಗಿನ 2 ಒಳಗಿರೋ ಎಲ್ಲದಕ್ಕೂ ಗುಣಿಸ್ಬೇಕು, ನಾನು ನೋಡಿರೋ ತಪ್ಪುಗಳಲ್ಲಿ ಜಾಸ್ತಿ ಇದೇ, ಹೈಡ್ರೋಜನ್ 2 ಅಂತ ಬರೆದು ಕೆಳಗಿನ ಲೆಕ್ಕ ಪೂರ್ತಿ ಹಾಳಾಗಿರತ್ತೆ.

ಈಗ ಮೋಲಾರ್ ಮಾಸ್, ಅಂದ್ರೆ ಒಂದು ಮೋಲ್‌ನ ತೂಕ. ಪರಮಾಣು ತೂಕ ಕಾರ್ಬನ್ 12, ಆಕ್ಸಿಜನ್ 16, ನೈಟ್ರೋಜನ್ 14, ಹೈಡ್ರೋಜನ್ 1, ಹಾಗಾಗಿ 12 + 16 + (2 × 14) + (4 × 1) = 60 ಗ್ರಾಂ. 15 ಭಾಗಿಸು 60, ಅಂದ್ರೆ 0.25 ಮೋಲ್. ಈ 0.25 ಸಿಕ್ತು ಅಂದ್ರೆ ಅರ್ಧ ಕೆಲಸ ಮುಗೀತು, ಯಾಕಂದ್ರೆ ಪರಮಾಣು ಬೇಕಿದ್ರೂ ಇಲ್ಲಿಂದ್ಲೇ ಹೋಗ್ಬೇಕು, ಗ್ರಾಂ ಬೇಕಿದ್ರೂ ಇಲ್ಲಿಂದ್ಲೇ. 15 ಗ್ರಾಂನ ನೇರವಾಗಿ 6.022 × 10²³ಗೆ ಗುಣಿಸೋರಿದ್ದಾರೆ, ಹಾಗೆ ಮಾಡ್ಲೇಬೇಡಿ.

ಪರಮಾಣು ಬೇಕಾ? 0.25 ಮೋಲ್ ಯೂರಿಯಾಲಿ ನೈಟ್ರೋಜನ್ 0.25 × 2 = 0.5 ಮೋಲ್, ಅದನ್ನ 6.022 × 10²³ರಿಂದ ಗುಣಿಸಿದ್ರೆ 3.011 × 10²³ ಪರಮಾಣು. ಹೈಡ್ರೋಜನ್ 0.25 × 4, ಸರಿಯಾಗಿ ಒಂದು ಮೋಲ್, 6.022 × 10²³.

ಗ್ರಾಂ ಬೇಕಾ? ನೈಟ್ರೋಜನ್ 0.5 × 14 = 7 ಗ್ರಾಂ. ಇಲ್ಲಿ 28 ಹಾಕ್ಬಾರ್ದು, 28 ಗಾಳೀಲಿರೋ ನೈಟ್ರೋಜನ್ ಅಣುದು, ನಾವು ಲೆಕ್ಕ ಹಾಕ್ತಿರೋದು ಪರಮಾಣು. ಕಾರ್ಬನ್ 3, ಆಕ್ಸಿಜನ್ 4, ಹೈಡ್ರೋಜನ್ 1. ಎಲ್ಲಾ ಕೂಡಿಸಿ, 7 + 3 + 4 + 1 = 15. ತಗೊಂಡಿದ್ದೂ 15. ಎಕ್ಸಾಮಲ್ಲಿ ಹತ್ತು ಸೆಕೆಂಡ್ ಆಗತ್ತೆ ಈ ಕೂಡಿಸೋದಕ್ಕೆ, ಬಿಡ್ಬೇಡಿ, ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲೋ ಎಡವಿದೀರ ಅಂತ ಅಲ್ಲೇ ಗೊತ್ತಾಗತ್ತೆ.

ಈಗ ಪೂರ್ತಿ ಮೂಟೆ, 45 ಕೆಜಿ. 45,000 ಭಾಗಿಸು 60 = 750 ಮೋಲ್, ನೈಟ್ರೋಜನ್ 1,500 ಮೋಲ್, 14ರಿಂದ ಗುಣಿಸಿದ್ರೆ 21 ಕೆಜಿ. 45 ಕೆಜಿಲಿ 21 ಕೆಜಿ, ಅಂದ್ರೆ ನೈಟ್ರೋಜನ್ ಶೇಕಡಾ 46.67 ಬಂತು ನೋಡಿ! ಮೂಟೆ ಮೇಲೆ 46 ಅಂತಿರತ್ತೆ, ಯಾಕಂದ್ರೆ ಗೊಬ್ಬರ ನೂರಕ್ಕೆ ನೂರು ಶುದ್ಧ ಇರಲ್ಲ, ಸ್ವಲ್ಪ ತೇವ, ಬೇವಿನೆಣ್ಣೆ ಲೇಪ ಎಲ್ಲಾ ಸೇರಿರತ್ತೆ.

ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರದ ಮೂಟೆ ಮೇಲೂ 18-46-0 ಅಂತ ಒಂದು 46 ಇದೆ, ಇವು ಕ್ರಮವಾಗಿ ನೈಟ್ರೋಜನ್, ರಂಜಕ, ಪೊಟ್ಯಾಶ್ ಶೇಕಡಾ. ಆದ್ರೆ ಆ 46 ಬರೀ ರಂಜಕ ಅಲ್ಲ, ಎರಡು ರಂಜಕ ಐದು ಆಕ್ಸಿಜನ್ ಸೇರಿರೋ ಪೆಂಟಾಕ್ಸೈಡ್ ಲೆಕ್ಕದಲ್ಲಿ ಬರೆದಿರೋದು. ಪೆಂಟಾಕ್ಸೈಡ್ 142 ಗ್ರಾಂಲಿ ರಂಜಕ 2 × 31 = 62 ಗ್ರಾಂ. 50 ಕೆಜಿ ಮೂಟೆಗೆ ಪೆಂಟಾಕ್ಸೈಡ್ 23 ಕೆಜಿ, ಅದನ್ನ 62ರಿಂದ ಗುಣಿಸಿ 142ರಿಂದ ಭಾಗಿಸಿ. ರಂಜಕ ಹತ್ತೇ ಕೆಜಿ.