ಡೈರೆಕ್ಟರ್‌ನಲ್ಲಿ ಮಾಡಿದ ಬಿದರಿ ಸಿಡಿಯನ್ನು ಮತ್ತೆ ಬಳಕೆಗೆ ತಂದ ಬಗೆ

ಬೀದರಿನ ಬಿದರಿ ಕೆಲಸದ (ಲೋಹದ ಮೇಲೆ ಬೆಳ್ಳಿ ಕೂರಿಸುವ ಕುಸುರಿ) ಮೇಲೆ ನಾವು ಕೆಲವರು ಸೇರಿ ಸಿಡಿ ಮಾಡಿದ್ದು 2002ರ ಸುಮಾರಿಗೆ. ಆಗ ಮಲ್ಟಿಮೀಡಿಯಾ ಸಿಡಿ ಅಂದರೆ ಹೆಚ್ಚಿನವರ ಬಾಯಲ್ಲಿ ಬರುತ್ತಿದ್ದ ಹೆಸರು ಮ್ಯಾಕ್ರೋಮೀಡಿಯಾ ಕಂಪನಿಯ ಡೈರೆಕ್ಟರ್ ಎಂಬ ತಂತ್ರಾಂಶ. ಅದು 1985ರಲ್ಲಿ ಮ್ಯಾಕಿಂಟಾಷ್‌ಗೆ ವಿಡಿಯೋವರ್ಕ್ಸ್ ಎಂಬ ಹೆಸರಿನಲ್ಲಿ ಬಂದಿತ್ತು. ಬರೀ ಆನಿಮೇಷನ್ ಸಾಧನ. ಆಮೇಲೆ ಜಾನ್ ಹೆನ್ರಿ ಥಾಂಪ್ಸನ್ ಅದಕ್ಕೆ ಲಿಂಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿಕೊಟ್ಟರು. ನೋಡುವವರು ಒತ್ತಿದಂತೆ, ಎಳೆದಂತೆ ಚಿತ್ರ ನಡೆದುಕೊಳ್ಳುವುದು ಸುಲಭವಾಯಿತು. 1995ರಲ್ಲಿ ಶಾಕ್‌ವೇವ್ ಎಂಬ ಪ್ಲಗಿನ್ ಬಂದ ಮೇಲೆ ಡೈರೆಕ್ಟರಿನಲ್ಲಿ ಮಾಡಿದ್ದು ಬ್ರೌಸರಿನಲ್ಲೂ ಓಡಿತು.

ಅದರ ಒಳಗೆ ಎಲ್ಲವೂ ನಾಟಕದ ಲೆಕ್ಕ. ತೆರೆಯೇ ಸ್ಟೇಜ್. ಚಿತ್ರ, ಧ್ವನಿ, ಅಕ್ಷರ ಎಲ್ಲಾ ಕಾಸ್ಟ್. ಯಾರು ಯಾವಾಗ ಬರಬೇಕು, ಹೋಗಬೇಕು ಎಂಬುದು ಸ್ಕೋರ್‌ನಲ್ಲಿ. ಕಂಪನಿ ನಾಟಕ ನೋಡಿ ಬೆಳೆದ ನಮಗೆ ಬೇಗ ಕೈಗೆ ಹತ್ತಿತು.

ಬಿದರಿಯಲ್ಲಿ ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೆಲಸ ಮಾಡುವ ಉಸ್ತಾದರು ಹೇಳಿದ್ದು ಒಂದೇ ಮಾತು: "ಕರಿ ಆಗೋದು ಕಾಣಬೇಕ್ರಿ. ಅದೇ ಇದರ ಜೀವ." ಅದಕ್ಕೆ ಒಂದೇ ಹೂಜಿಯ ಎರಡು ಫೋಟೋ ತೆಗೆದೆವು, ಕಪ್ಪಾಗುವ ಮೊದಲು ಮತ್ತು ಆದ ಮೇಲೆ. ಎರಡನ್ನೂ ಒಂದರ ಮೇಲೊಂದು ಇಟ್ಟು, ಮೇಲಿನ ಸ್ಪ್ರೈಟ್‌ನ (ಸ್ಟೇಜ್ ಮೇಲಿಟ್ಟ ಚಿತ್ರದ) ಬ್ಲೆಂಡ್, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕೆಂಬ ಲೆಕ್ಕವನ್ನು ಮೌಸ್ ಎಳೆದಂತೆ 0ಯಿಂದ 100ಕ್ಕೆ ಏರಿಸಿದೆವು. ಲಿಂಗೋದಲ್ಲಿ ಕೆಲವೇ ಸಾಲು. ಶಾಲೆಗಳಲ್ಲಿ ತೋರಿಸಿದಾಗ ಮಕ್ಕಳು ಆ ಪುಟ ಬಿಟ್ಟು ಏಳುತ್ತಿರಲಿಲ್ಲ.

2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನು ಕೊಂಡಿತು. ಡೈರೆಕ್ಟರ್ ಮಾರಾಟ 2017ರ ಫೆಬ್ರವರಿ 1ಕ್ಕೆ ನಿಂತಿತು. ವಿಂಡೋಸ್‌ನ ಶಾಕ್‌ವೇವ್ ಪ್ಲೇಯರ್ 2019ರ ಏಪ್ರಿಲ್ 9ಕ್ಕೆ ಮುಗಿಯಿತು. ನಮ್ಮ ಸಿಡಿಯಲ್ಲಿದ್ದ ಕೆಲವು ಉಸ್ತಾದರು ಈಗಿಲ್ಲ. ಅವರ ಕೈ, ಅವರ ದನಿ ಆ ಫೈಲಿನಲ್ಲಿವೆ. ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ಮೊದಲು ಸಿಡಿಯನ್ನು ಪೂರ್ತಿ ಇಮೇಜ್, ಅಂದರೆ ಒಂದೇ ಫೈಲಿನ ನಕಲು ಮಾಡಿಕೊಂಡೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕಿ, ನಮ್ಮ ಹಳೆಯ ಡೈರೆಕ್ಟರ್ 8.5ರಲ್ಲಿ ಮೂಲ ಡಿಐಆರ್ ಫೈಲುಗಳನ್ನು (ತಿದ್ದಲು ಬರುವ ಡೈರೆಕ್ಟರ್ ಫೈಲುಗಳು) ತೆರೆದೆ. ಎಕ್ಸ್‌ಪೋರ್ಟ್ ಕೊಟ್ಟರೆ ಫ್ರೇಮುಗಳು ಬಿಟ್‌ಮ್ಯಾಪ್ ಆಗಿ ಹೊರಬರುತ್ತವೆ, ಆದರೆ ಲಿಂಗೋ ಬರುವುದಿಲ್ಲ. ಹಾಗಾಗಿ ಸ್ಕ್ರಿಪ್ಟುಗಳನ್ನು ಬೇರೆಯಾಗಿ ಕಾಪಿ ಮಾಡಿ ಇಟ್ಟುಕೊಳ್ಳಲೇಬೇಕು.

ಜಾಸ್ತಿ ಹೊತ್ತು ಹಿಡಿದದ್ದು ಕನ್ನಡ. ಡೈರೆಕ್ಟರ್‌ಗೆ ಯುನಿಕೋಡ್ ಬಂದದ್ದು 2008ರ 11ನೇ ಆವೃತ್ತಿಯಲ್ಲಿ. ನಮ್ಮದೆಲ್ಲ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು. ಹೊರಗೆ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್ ಕನ್ವರ್ಟರ್‌ಗೆ ಹಾಕಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ ಸರಿಪಡಿಸಿದೆ. ಫೋಟೋಶಾಪ್‌ನಲ್ಲಿ ಚಿತ್ರವಾಗಿ ಮಾಡಿದ್ದ ಶೀರ್ಷಿಕೆಗಳನ್ನು ಹೊಸದಾಗಿ ಟೈಪ್ ಮಾಡಿದೆ.

ಈಗ ಆ ಹೂಜಿ ಜಾವಾಸ್ಕ್ರಿಪ್ಟ್‌ನಲ್ಲಿ ಕಪ್ಪಾಗುತ್ತದೆ, ಮೊಬೈಲಿನಲ್ಲಿ ಬೆರಳಿಂದ ಎಳೆದರೂ ಸಾಕು. ನಿಮ್ಮಲ್ಲೂ ಇಂಥ ಸಿಡಿ ಇದ್ದರೆ ಡಿಐಆರ್ ಫೈಲು ಉಳಿದಿದೆಯಾ ನೋಡಿ. ತಿದ್ದಲು ಬಾರದಂತೆ ಬೀಗ ಹಾಕಿದ ಡಿಎಕ್ಸ್‌ಆರ್ ಫೈಲು ಮಾತ್ರ ಇದ್ದರೂ ಕೈ ಬಿಡಬೇಡಿ. ಪ್ರೊಜೆಕ್ಟರ್‌ರೇಸ್ (ProjectorRays) ಎಂಬ ಉಚಿತ ಸಾಧನ ಅದರಿಂದ ಲಿಂಗೋ ಹೊರತೆಗೆಯಬಲ್ಲದು.